ವಚನ ಸಂಶೋಧನೆ ಮತ್ತು ಲೋಕೋಪಯೋಗ

2024ನೆಯ ಇಸವಿಯ ಜನವರಿಯಲ್ಲಿ ಕರ್ನಾಟಕದ ಸಚಿವ ಸಂಪುಟವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ತರುವಾಯ ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರವನ್ನು ಇರಿಸಬೇಕೆಂಬ ಆದೇಶವೂ ಹೊರಟಿತು. ಶರಣಸಾಹಿತ್ಯದ ಅಭ್ಯಾಸಿಗಳಿಗೆ ಇದು ಸಂತೋಷದ ಸಂಗತಿಯೇ ಸರಿ. ಭಾವಚಿತ್ರವಿರುವೆಡೆ ಒಂದು ವಚನದ ತುಣುಕೂ ಇರುವುದು ನಮ್ಮಲ್ಲಿ ವಾಡಿಕೆ. ಗೋಡೆಗಳ ಮೇಲೆ, ಕ್ಯಾಲೆಂಡರುಗಳಲ್ಲಿ, ಸಭೆಗಳ ಬ್ಯಾನರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಕಾಯಕವನ್ನು ಕೈಲಾಸಕ್ಕೆ ಸಮನೆನ್ನುವ ಎರಡು ಪದಗಳ ಮಾತು. ಅದರ ಕೆಳಗೆ ಬಹುಮಟ್ಟಿಗೆ ಬಸವಣ್ಣನವರ ಹೆಸರು ಇರುತ್ತದೆ.

ಆದರೆ ಆ ಮಾತು ಬರುವ ಪ್ರಸಿದ್ಧ ವಚನ ಆಯ್ದಕ್ಕಿ ಮಾರಯ್ಯನದು. ಅದರ ಅಂಕಿತ ಅಮರೇಶ್ವರಲಿಂಗವೇ ಹೊರತು ಕೂಡಲಸಂಗಮದೇವ ಅಲ್ಲ.

ಇದು ಯಾವ ವಿದ್ವಾಂಸರ ನೂತನ ಶೋಧವೂ ಅಲ್ಲ. ವಚನಗಳನ್ನು ಸಂಪಾದಿಸಿದವರೆಲ್ಲ ಬಲ್ಲ ಸಂಗತಿ. ಶರಣರ ವಚನಗಳ ಮುದ್ರಿತ ಸಂಪುಟ ತೆರೆದು ಅಂಕಿತ ನೋಡಿದ ಯಾರಿಗೂ ಒಂದು ನಿಮಿಷದಲ್ಲಿ ತಿಳಿಯತಕ್ಕದ್ದು. ಬಲ್ಲವರಿಗೆ ತಿಳಿದೂ ಗೋಡೆಗೆ ತಿಳಿಯಲಿಲ್ಲವೆಂದರೆ ನಡುವೆ ಎಲ್ಲಿಯೋ ದಾರಿ ಕಡಿದಿದೆ. ವಿದ್ವತ್ತಿನ ಫಲ ಜನಕ್ಕೂ ಆಳುವವರಿಗೂ ಏಕೆ ತಲಪುವುದಿಲ್ಲ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ವಿಜ್ಞಾನ, ಅರ್ಥಶಾಸ್ತ್ರಗಳ ವಿಷಯದಲ್ಲಿ ಎತ್ತುತ್ತಾರೆ. ಕನ್ನಡದಲ್ಲಿ ನೂರು ವರ್ಷಗಳ ಬಾಳಿಕೆಯುಳ್ಳ ವಚನ ಸಂಶೋಧನೆಯ ವಿಷಯದಲ್ಲಿಯೂ ಅದನ್ನು ಎತ್ತುವುದು ಯುಕ್ತ.

ಹೆಸರು ತಪ್ಪಿದರೇನಾಯಿತು, ತತ್ತ್ವ ಒಂದೇ ಅಲ್ಲವೇ ಎಂದು ಭಕ್ತರಲ್ಲಿ ಕೆಲವರು ಕೇಳಬಹುದು. ಕೇಳುವವರ ಭಕ್ತಿ ದೊಡ್ಡದು. ಆದರೆ ಹೆಸರು ತಪ್ಪಿದಾಗ ಅರ್ಥವೂ ತಪ್ಪುತ್ತದೆ ಎಂಬುದಕ್ಕೆ ಈ ವಚನವೇ ಸಾಕ್ಷಿ. ಮಾರಯ್ಯನು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಪತ್ನಿ ಲಕ್ಕಮ್ಮನೊಡನೆ ಕಲ್ಯಾಣಕ್ಕೆ ಬಂದವನೆಂದು ಪರಂಪರೆ ಹೇಳುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಅಂದರೆ ಕಲ್ಯಾಣದಲ್ಲಿ ಅವನಿಗಿಂತ ಕೆಳಗಿನ ದುಡಿಮೆಯನ್ನು ಊಹಿಸುವುದು ಕಷ್ಟ. ಅಂಥವನು ಹೇಳುತ್ತಾನೆ: ಕಾಯಕದಲ್ಲಿ ತೊಡಗಿರುವಾಗ ಗುರುವಿನ ದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಬಿಡಬೇಕು, ಜಂಗಮನು ಎದುರಿಗೆ ಬಂದು ನಿಂತರೂ ದಾಕ್ಷಿಣ್ಯಕ್ಕೆ ಒಳಗಾಗಬಾರದು, ತನ್ನ ಅಮರೇಶ್ವರಲಿಂಗವೂ ಕಾಯಕದ ಒಳಗೇ ಇದೆ. ಗುರು, ಲಿಂಗ, ಜಂಗಮ ಎಂಬ ಮೂರನ್ನೇ ಪರಮವೆಂದು ನಂಬಿದ ಧರ್ಮದ ಒಳಗೆ ನಿಂತು, ಅಕ್ಕಿ ಆಯುವವನೊಬ್ಬ ಆಡಿದ ಮಾತಿದು. ಇದರ ಧೈರ್ಯ ಇರುವುದು ಆಡಿದವನು ಯಾರು ಎಂಬುದರಲ್ಲಿ. ಇದನ್ನೇ ಬಿಜ್ಜಳನ ಭಂಡಾರದ ಅಧಿಕಾರವಿದ್ದ ಬಸವಣ್ಣನವರ ಬಾಯಲ್ಲಿಟ್ಟು, ಮೇಲಧಿಕಾರಿಯ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದರೆ, ದುಡಿಯುವವನ ಸ್ವಾತಂತ್ರ್ಯದ ಘೋಷಣೆಯು ದುಡಿಸಿಕೊಳ್ಳುವವನ ಅಪ್ಪಣೆಯಾಗಿ ಮಾರ್ಪಡುತ್ತದೆ. ಕೆಳಗಿನ ನೌಕರನಿಗೆ ಅದು ‘ಹೆಚ್ಚು ಮಾತಾಡದೆ ಕೆಲಸ ಮಾಡು’ ಎಂದು ಕೇಳಿಸುತ್ತದೆ. ವಚನದಲ್ಲಿರುವುದು ಇದರ ತಿರುವುಮುರುವು: ದೊಡ್ಡವರು ಬಂದು ನಿಂತರೂ ಕಾಯಕ ನಿಲ್ಲಬೇಕಿಲ್ಲ ಎಂಬುದು. ಸಚಿವರ ಸ್ವಾಗತಕ್ಕೆಂದು ಅರ್ಧ ದಿನ ಕಚೇರಿ ಖಾಲಿಯಾಗುವ ನಾಡಿನಲ್ಲಿ ಈ ಅರ್ಥವನ್ನು ಯಾರಾದರೂ ಬಿಡಿಸಿ ಹೇಳಬೇಡವೇ?

ಇನ್ನು ಲಕ್ಕಮ್ಮನ ಮಾತು. ಫಲಕ ಬರೆಸುವವರಿಗೆ ಆಕೆಯ ಪರಿಚಯ ಇದ್ದಂತಿಲ್ಲ. ಮಾರಯ್ಯನು ಒಂದು ದಿನ ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನಂತೆ. ಲಕ್ಕಮ್ಮ ಅದನ್ನು ಒಳಗೆ ಬರಗೊಡಲಿಲ್ಲ. ಇಷ್ಟು ಅಕ್ಕಿಯ ಆಸೆ ನಿಮಗೇತಕ್ಕೆ, ಆಸೆ ಅರಸರಿಗೆ ಸಲ್ಲತಕ್ಕದ್ದು, ಶಿವಭಕ್ತರಿಗೆ ಸಲ್ಲದು ಎಂಬರ್ಥದ ಮಾತಾಡಿ, ತಂದ ಕಡೆಯಲ್ಲೇ ಸುರಿದು ಬರುವಂತೆ ಗಂಡನನ್ನು ಅಟ್ಟಿದಳು. ಮತ್ತೊಂದು ವಚನದಲ್ಲಿ, ಅನುಭಾವದ ಮಾತುಕತೆಯಲ್ಲಿ ಮೈಮರೆತ ಗಂಡನಿಗೆ ಕಾಯಕ ನಿಂತುಹೋಗಿದೆ, ಬೇಗ ಹೊರಡಿ ಎಂದು ನೆನಪಿಸುತ್ತಾಳೆ. ಗಂಡನದು ಕಾಯಕದ ಮಹಿಮೆಯಾದರೆ ಹೆಂಡತಿಯದು ಕಾಯಕದ ಮಿತಿ. ದುಡಿ, ಆದರೆ ಬೇಕಾದುದಕ್ಕಿಂತ ಹೆಚ್ಚು ಕೂಡಿಡಬೇಡ. ಒಂದನ್ನು ಬಿಟ್ಟು ಒಂದಕ್ಕೆ ಅರ್ಥವಿಲ್ಲ. ವಿದ್ವಾಂಸರು ಇವೆರಡನ್ನೂ ಸದಾ ಜೊತೆಗೇ ಓದುತ್ತ ಬಂದಿದ್ದಾರೆ. ಆಡಳಿತಕ್ಕೆ ದಾಟಿದುದು ಮೊದಲನೆಯದು ಮಾತ್ರ. ಆಸೆ ಅರಸರಿಗೆ ಸಲ್ಲುವುದೆಂದ ಮಾತು ಅರಸರ ಕಚೇರಿಗೆ ಹೋಗದೆ ಉಳಿದದ್ದರಲ್ಲಿ ಆಶ್ಚರ್ಯವಿಲ್ಲವೆನ್ನಬಹುದು. ಆದರೆ ಅದನ್ನು ಅಲ್ಲಿಗೆ ಒಯ್ಯಬೇಕಾದವರು ಯಾರು?

ಇಲ್ಲಿ ವಿದ್ವಾಂಸನು ಒಂದು ಎಚ್ಚರಿಕೆಯನ್ನೂ ಹೇಳಲೇಬೇಕಾಗುತ್ತದೆ. ಈ ದಂಪತಿಗಳ ಕಥೆ ಸವಿಸ್ತಾರವಾಗಿ ದೊರೆಯುವುದು ಗೂಳೂರ ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆಯಂಥ ಗ್ರಂಥಗಳಲ್ಲಿ. ಅವು ಬಸವಯುಗಕ್ಕೆ ಸುಮಾರು ಮೂರು ಶತಮಾನಗಳ ಈಚಿನವು. ಕಥೆಯ ಚೌಕಟ್ಟು ಸಂಕಲನಕಾರರದು, ವಚನಗಳು ಪರಂಪರೆಯಿಂದ ಬಂದವು. ಎರಡನ್ನೂ ಬೇರ್ಪಡಿಸಿ ತೂಗಬೇಕು. ಇಂಥ ಎಚ್ಚರವನ್ನು ಸಾಮಾನ್ಯ ವಾಚಕನಿಗೆ ಹೇಳಿದರೆ ಅವನ ಶ್ರದ್ಧೆ ಕದಡೀತೆಂದು ಅಂಜುವವರಿದ್ದಾರೆ. ಶಾಲೆಯ ಮಕ್ಕಳಿಗೂ ಇದನ್ನು ತಿಳಿಯುವಂತೆ ಹೇಳಬಹುದು, ಹೇಳಿದಾಗ ಅವರು ಕುತೂಹಲದಿಂದ ಇನ್ನಷ್ಟು ಕೇಳುತ್ತಾರೆ ಎಂಬುದನ್ನು ಪಾಠ ಹೇಳಿದ ಯಾವ ಉಪಾಧ್ಯಾಯನೂ ಬಲ್ಲನು.

ಸಂಶೋಧನೆ ಜನರ ಕಡೆಗೆ ಮುಖಮಾಡಿದ ಕಾಲವೊಂದಿತ್ತು. ಆ ಕಾಲವನ್ನು ನೆನೆದರೆ ಫ. ಗು. ಹಳಕಟ್ಟಿಯವರ ಹೆಸರೇ ಮೊದಲು ಬರತಕ್ಕದ್ದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿವೃತ್ತಿ ಮಾಡುತ್ತಿದ್ದ ಅವರು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ಮನೆಮನೆಗಳಲ್ಲಿ, ಮಠಗಳಲ್ಲಿ ಪೂಜೆಗೊಳ್ಳುತ್ತಿದ್ದ ತಾಡೋಲೆ ಕಟ್ಟುಗಳನ್ನು ಬೇಡಿ ತಂದು ಓದಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ, ಮರುವರ್ಷ ನವಕರ್ನಾಟಕ ವಾರಪತ್ರಿಕೆ. ಇವುಗಳ ಕ್ರಮವನ್ನು ಗಮನಿಸಬೇಕು. ಗ್ರಂಥ ಬಂದೊಡನೆ ಮುದ್ರಣಾಲಯ, ಮುದ್ರಣಾಲಯ ಬಂದೊಡನೆ ನಿಯತಕಾಲಿಕ. ಶೋಧಿಸಿದ್ದು ತಲಪುವ ದಾರಿಯೂ ಶೋಧನೆಯ ಭಾಗವೇ ಎಂದು ಅವರು ತಿಳಿದಿದ್ದರು. ಅದೇ ಮನುಷ್ಯ 1910ರಲ್ಲಿ ವಿಜಾಪುರದಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಲು ನಿಂತವರು, ಸಹಕಾರಿ ಬ್ಯಾಂಕಿಗೆ ಕೈಹಚ್ಚಿದವರು. ಕಾಯಕದ ವಚನವನ್ನು ಅಚ್ಚಿಗೆ ಕೊಡುವ ಕೈಯೂ ರೈತನ ಸಾಲದ ಲೆಕ್ಕವನ್ನು ನೋಡುವ ಕೈಯೂ ಒಂದೇ ಆಗಿತ್ತು.

ವಚನಶಾಸ್ತ್ರಸಾರದ ರಚನೆಯೇ ಈ ದೃಷ್ಟಿಗೆ ಸಾಕ್ಷಿ. ಅದು ವಚನಗಳನ್ನು ವಿಷಯಾನುಸಾರವಾಗಿ ಜೋಡಿಸುತ್ತದೆ. ಒಂದು ವಿಷಯದ ಕೆಳಗೆ ಬಸವಣ್ಣನವರೂ ಅಲ್ಲಮಪ್ರಭುವೂ ಹೆಸರು ಕೇಳದ ಶರಣರೂ ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ಇಂಥ ಪ್ರಶ್ನೆಗೆ ಶರಣರು ಏನನ್ನುತ್ತಾರೆ ಎಂದು ಕೇಳಿ ಬರುವ ವಾಚಕನನ್ನು ಕಣ್ಣೆದುರಿಗಿಟ್ಟುಕೊಂಡು ಮಾಡಿದ ಕೆಲಸವದು. ದೋಷಗಳಿಲ್ಲವೆಂದಲ್ಲ. ಪಾಠಾಂತರಗಳ ಕ್ರಮಬದ್ಧವಾದ ನಿರೂಪಣೆ ಅಲ್ಲಿ ಸಾಲದು. ಯಾವ ಪಾಠ ಯಾವ ಪ್ರತಿಯಿಂದ ಬಂದಿತೆಂದು ಹುಡುಕುವವನು ಬಹಳ ಕಡೆ ನಿರಾಶನಾಗುತ್ತಾನೆ. ಈ ಕೊರತೆಯನ್ನು ತುಂಬಿದವರು ಮುಂದಿನ ತಲೆಮಾರಿನ ಸಂಪಾದಕರು. ಶಿ. ಶಿ. ಬಸವನಾಳರು, ಆರ್. ಸಿ. ಹಿರೇಮಠರು, ಎಲ್. ಬಸವರಾಜು ಅವರು ಪ್ರತಿಗಳನ್ನು ಹೋಲಿಸಿ, ಅಂಕಿತಗಳನ್ನು ಪರೀಕ್ಷಿಸಿ ವಚನಪಾಠಕ್ಕೆ ಗಟ್ಟಿನೆಲೆ ಹಾಕಿಕೊಟ್ಟರು. ಯಾವ ವಚನ ಯಾರದೆಂದು ಇಂದು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಇಂಥವರ ಶ್ರಮದಿಂದ.

ಆದರೆ ಸಂಶೋಧನೆ ವಿಶ್ವವಿದ್ಯಾಲಯದ ಒಳಕ್ಕೆ ಹೋದಂತೆ ಅದರ ವಾಚಕನೂ ಬದಲಾದನು. ಹಳಕಟ್ಟಿಯವರು ಬರೆದದ್ದು ಚಂದಾದಾರರಿಗೆ. ಅವರು ಓದದೆ ಹೋದರೆ ಪತ್ರಿಕೆ ನಿಲ್ಲುತ್ತಿತ್ತು. ಈಗಿನ ಪ್ರಬಂಧಕಾರರು ಬರೆಯುವುದು ಪರೀಕ್ಷಕರಿಗೆ. ಪದವಿ ದೊರೆತ ಮೇಲೆ ಪ್ರಬಂಧ ಗ್ರಂಥಾಲಯದ ಕಪಾಟು ಸೇರುತ್ತದೆ. ಅದನ್ನು ಮತ್ತೆ ತೆರೆಯುವವನು ಅದೇ ವಿಷಯದಲ್ಲಿ ಪದವಿ ಬಯಸುವ ಇನ್ನೊಬ್ಬನು. ಇದು ಯಾರೊಬ್ಬರ ತಪ್ಪೂ ಅಲ್ಲ. ಪಾಂಡಿತ್ಯ ಬೆಳೆಯಬೇಕಾದರೆ ಬಲ್ಲವರು ಬಲ್ಲವರಿಗಾಗಿ ಬರೆಯಲೇಬೇಕು. ಕೊರಗು ಏನೆಂದರೆ, ಅದಷ್ಟನ್ನೇ ವಿದ್ವತ್ತೆಂದು ಎಣಿಸಿ, ಜನಕ್ಕೆ ಬರೆದುದನ್ನು ‘ಜನಪ್ರಿಯ’ವೆಂದು ಮೂಗುಮುರಿಯುವ ಅಭ್ಯಾಸ ಬೆಳೆದದ್ದು.

ಸರ್ಕಾರವೇ ಕೈಹಾಕಿ ನಡೆಸಿದ ದೊಡ್ಡ ಕೆಲಸವೊಂದನ್ನು ಇಲ್ಲಿ ಮನಸಾರೆ ಹೊಗಳಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟದ 15 ಹೊತ್ತಗೆಗಳು ಸಂಶೋಧನೆಯೂ ಪ್ರಭುತ್ವವೂ ಕೂಡಿದರೆ ಏನಾದೀತೆಂಬುದಕ್ಕೆ ದೊಡ್ಡ ನಿದರ್ಶನ. 20,000ಕ್ಕೂ ಮಿಕ್ಕ ವಚನಗಳು ಒಂದೆಡೆ ದೊರೆಯುವಂತಾದವು. 2001ರಲ್ಲಿ ಜನಪ್ರಿಯ ಆವೃತ್ತಿಯೂ ಬಂದಿತು. ಅವುಗಳಲ್ಲಿ ಹದಿನೈದನೆಯದು ವಚನ ಪರಿಭಾಷಾಕೋಶ. ಬಹುಜನ ಅದನ್ನು ತೆರೆಯುವುದೇ ಇಲ್ಲ, ಆದರೆ ಉಳಿದ ಹದಿನಾಲ್ಕಕ್ಕೂ ಕೀಲಿಕೈ ಅದೇ. ಈಚಿನ ವರ್ಷಗಳಲ್ಲಿ ಕೆಲವು ಉತ್ಸಾಹಿಗಳು ‘ವಚನ ಸಂಚಯ’ವೆಂಬ ಹೆಸರಿನಲ್ಲಿ ವಚನಗಳನ್ನು ಗಣಕಯಂತ್ರಕ್ಕೆ ಅಳವಡಿಸಿ, ಒಂದು ಪದ ಎಲ್ಲೆಲ್ಲಿ ಬರುತ್ತದೆಂದು ಕ್ಷಣದಲ್ಲಿ ಹುಡುಕುವಂತೆ ಮಾಡಿದ್ದಾರೆ. ಬಸವ ಸಮಿತಿಯು ಆಯ್ದ 2,500 ವಚನಗಳನ್ನು ಭಾರತದ ಅನೇಕ ಭಾಷೆಗಳಿಗೆ ಮಾಡಿಸಿದೆ. ಸಾಮಗ್ರಿಗೆ ಈಗ ಬರವಿಲ್ಲ.

ಬರವಿರುವುದು ಸಾಮಗ್ರಿಗೂ ಫಲಕಕ್ಕೂ ನಡುವಣ ಬರಹಕ್ಕೆ. ಒಂದು ಕಡೆ ಹದಿನೈದು ಸಂಪುಟ, ಇನ್ನೊಂದು ಕಡೆ ಎರಡು ಪದ. ತಾಲ್ಲೂಕಿನ ಅಧಿಕಾರಿ, ಪ್ರಾಥಮಿಕ ಶಾಲೆಯ ಶಿಕ್ಷಕಿ, ಭಾಷಣ ಬರೆದುಕೊಡುವ ಸಚಿವರ ಸಹಾಯಕ ಇವರಾರಿಗೂ ಸಂಪುಟಗಳನ್ನು ತಿರುವಿಹಾಕಲು ವೇಳೆಯಿಲ್ಲ. ಅವರಿಗೆ ಬೇಕಾದುದು ಹತ್ತು ಪುಟ: ಈ ಮಾತು ಯಾರದು, ಯಾವ ಸಂದರ್ಭದ್ದು, ಎಷ್ಟು ಖಚಿತ, ಯಾವುದು ಈಚಿನವರ ಕಥನ, ಇದರ ಜೊತೆಗೆ ಓದಬೇಕಾದ ಇನ್ನೊಂದು ವಚನ ಯಾವುದು. ಇದು ಸಿಕ್ಕದಿದ್ದಾಗ ಅವರು ಬಾಯಿಂದ ಬಾಯಿಗೆ ಬಂದುದನ್ನೇ ಬರೆಯುತ್ತಾರೆ. ಅವರನ್ನು ಹಳಿದು ಪ್ರಯೋಜನವಿಲ್ಲ.

ನಡುವಣ ಬರಹವನ್ನು ಮಾಡಿದವರು ಕನ್ನಡದಲ್ಲಿ ಇಲ್ಲದಿಲ್ಲ. ಎಂ. ಆರ್. ಶ್ರೀನಿವಾಸಮೂರ್ತಿಗಳ ವಚನಧರ್ಮಸಾರವನ್ನು ಓದಿದವರಿಗೆ ಅದರ ತಿಳಿನೀರಿನಂಥ ಗದ್ಯದ ಪರಿಚಯವಿದೆ. ಪಾರಿಭಾಷಿಕ ಪದಗಳಿಗೆ ಅವರು ಬೆದರುವುದಿಲ್ಲ, ವಾಚಕನನ್ನು ಬೆದರಿಸುವುದೂ ಇಲ್ಲ. ಷಟ್‌ಸ್ಥಲದಂಥ ಕಠಿನ ವಿಷಯವನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಈ ಶಕ್ತಿ ಅವರಿಗೆ ಎಲ್ಲಿಂದ ಬಂದಿತು? ಅವರು ಶಿಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿದವರು; ರಂಗಣ್ಣನ ಕನಸಿನ ದಿನಗಳು ಎಂಬ ಅವರ ಕಾದಂಬರಿಯಲ್ಲಿ ಹಳ್ಳಿಶಾಲೆಗಳ ತನಿಖೆಗೆ ಅಲೆಯುವ ಇನ್ಸ್‌ಪೆಕ್ಟರನ ಲೋಕ ಎಷ್ಟು ನಿಜವಾಗಿ ಮೂಡಿದೆಯೆಂಬುದನ್ನು ಎಲ್ಲರೂ ಬಲ್ಲರು. ಕಚೇರಿಯ ಕಾಗದವನ್ನೂ ಹಳ್ಳಿಯ ಮೇಷ್ಟರ ಕಷ್ಟವನ್ನೂ ಕಂಡವರು ವಚನಗಳ ಬಗ್ಗೆ ಬರೆದಾಗ, ಎದುರಿಗೆ ಕುಳಿತವರಾರೆಂಬುದು ಅವರ ನೆನಪಿನಿಂದ ಜಾರಲಿಲ್ಲ. ಎಲ್. ಬಸವರಾಜು ಅವರದು ಇನ್ನೊಂದು ಬಗೆ. 1960ರಲ್ಲಿ ಅಲ್ಲಮನ ವಚನಚಂದ್ರಿಕೆಯಂಥ ಪ್ರೌಢ ಸಂಪಾದನೆಯನ್ನು ಕೊಟ್ಟ ಅದೇ ಪಂಡಿತರು, ಪಂಪನನ್ನು ಸರಳಗೊಳಿಸಿ ಸಾಮಾನ್ಯ ವಾಚಕರ ಕೈಗಿಡುವುದನ್ನು ತಮ್ಮ ಘನತೆಗೆ ಕುಂದೆಂದು ಎಣಿಸಲಿಲ್ಲ.

ಆಳುವವರು ವಚನಲೋಕದಿಂದ ಪಡೆದ ಪದವೊಂದು ಸರಿಯಾದ ಸ್ಥಳದಲ್ಲಿ ಹೋಗಿ ಕುಳಿತ ಉದಾಹರಣೆಯೂ ಇದೆ. ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2002ರಲ್ಲಿ ಹಿಂದುಳಿದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭಿಸಿದಾಗ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ದಾಸೋಹವು ದಾನವಲ್ಲ, ಕೊಡುವವನು ‘ನಾನು ಕೊಟ್ಟೆ’ ಎಂಬುದನ್ನು ನೀಗಿ, ಉಣ್ಣುವವನ ಮುಂದೆ ತಾನು ಸೇವಕನೆಂದು ನಿಲ್ಲುವುದು. ಸರ್ಕಾರ ಮಕ್ಕಳ ಮುಂದೆ ಹಾಗೆ ನಿಲ್ಲುತ್ತದೆಯೇ ಎಂಬ ಪ್ರಶ್ನೆ ಬೇರೆ. ಪದವಂತೂ ಒಪ್ಪುವ ಪದ. ಆದರೆ ಆ ಪದ ಅಧಿಕಾರಿಗಳಿಗೆ ದೊರೆತದ್ದು ಯಾವ ಮಹಾಪ್ರಬಂಧದಿಂದಲೂ ಅಲ್ಲವೆಂದು ತೋರುತ್ತದೆ. ಸಿದ್ಧಗಂಗೆಯೇ ಮೊದಲಾದ ಮಠಗಳ ಪಂಕ್ತಿಯಲ್ಲಿ ಕುಳಿತು ಉಂಡು ಓದಿದ ಸಾವಿರಾರು ಹುಡುಗರು ನಾಡಿನಲ್ಲೆಲ್ಲ ಇದ್ದರು. ಪದದ ಅರ್ಥವನ್ನು ಅವರು ನಿಘಂಟಿನಲ್ಲಿ ನೋಡಬೇಕಾಗಿರಲಿಲ್ಲ. ದಾಸೋಹಕ್ಕೆ ಇದ್ದ ಈ ಆಸರೆ ಕಾಯಕಕ್ಕೆ ಇರಲಿಲ್ಲ. ಆಚರಣೆಯಲ್ಲಿ ಉಳಿದ ಪದ ದಾರಿ ತಪ್ಪುವುದು ಕಡಿಮೆ. ಆಚರಣೆ ತಪ್ಪಿದ ಪದಕ್ಕೆ ವಿದ್ವಾಂಸನೇ ಕಾವಲಿರಬೇಕಾಗುತ್ತದೆ.

ಕಾವಲಿನ ಕೆಲಸ ಪ್ರಿಯವಾದುದಲ್ಲ. ಅನುಭವಮಂಟಪದ ಮಾತನ್ನು ತೆಗೆದುಕೊಳ್ಳೋಣ. ಬಸವಕಲ್ಯಾಣದಲ್ಲಿ ಸುಮಾರು 500 ಕೋಟಿ ರೂಪಾಯಿ ವೆಚ್ಚದ ನೂತನ ಅನುಭವಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅದು ಜಗತ್ತಿನ ಮೊದಲ ಸಂಸತ್ತೆಂಬ ಮಾತು ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಸಂಸತ್ತೆಂದರೆ ಪ್ರತಿನಿಧಿಗಳು ಸೇರಿ ಕಾನೂನು ಮಾಡುವ ಸಭೆ. ಶರಣರ ಗೋಷ್ಠಿಯಲ್ಲಿ ಯಾರೂ ಯಾರ ಪ್ರತಿನಿಧಿಯೂ ಆಗಿರಲಿಲ್ಲ. ಅಲ್ಲಿ ಆದದ್ದು ಕಾನೂನೂ ಅಲ್ಲ. ಅಕ್ಕಿ ಆಯುವವನ ಹೆಂಡತಿ ತನ್ನ ಗಂಡನ ತಪ್ಪನ್ನು ಎತ್ತಿ ಆಡಬಹುದಾಗಿತ್ತು, ಆ ಮಾತನ್ನು ಉಳಿದವರು ಜೋಪಾನಮಾಡಿ ಮುಂದಿನವರಿಗೆ ಕೊಟ್ಟರು ಎಂಬುದು ಆ ಗೋಷ್ಠಿಯ ಹೆಚ್ಚುಗಾರಿಕೆ. ಅದಕ್ಕೆ ಸಂಸತ್ತಿನ ಹೋಲಿಕೆಯ ಹಂಗು ಬೇಕಿಲ್ಲ. ಗೋಷ್ಠಿಯ ವರ್ಣನೆ ಎಷ್ಟರಮಟ್ಟಿಗೆ ವಚನಗಳ ಸಾಕ್ಷ್ಯ, ಎಷ್ಟರಮಟ್ಟಿಗೆ ಶೂನ್ಯಸಂಪಾದನಕಾರರ ಕಲ್ಪನೆ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳಿವೆ. ಆ ಭಿನ್ನಾಭಿಪ್ರಾಯಗಳನ್ನು ಕಟ್ಟಡದ ಒಳಗೆ ಬರುವ ಯಾತ್ರಿಕನಿಗೂ ತಿಳಿಯುವಂತೆ ಬರೆದಿಡುವ ಧೈರ್ಯ ಬೇಕು. ಹೊಗಳಿಕೆಯನ್ನು ಮಾತ್ರ ಕೇಳಬಯಸುವ ಪ್ರಭುವಿಗೆ ವಿದ್ವಾಂಸನಿಂದ ಉಪಯೋಗವಿಲ್ಲ. ಹೊಗಳಿಕೆಯನ್ನು ಮಾತ್ರ ಒದಗಿಸುವ ವಿದ್ವಾಂಸನಿಂದ ಪ್ರಭುವಿಗೂ ಉಪಯೋಗವಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಹದಿನೈದನೆಯ ಸಂಪುಟದ ಪರಿಭಾಷಾಕೋಶದಿಂದ ಕಾಯಕ, ದಾಸೋಹ, ಜಂಗಮ, ಪ್ರಸಾದ, ಅನುಭಾವ ಮೊದಲಾಗಿ ಐವತ್ತು ಪದಗಳನ್ನು ಆರಿಸಿ, ಪ್ರತಿಯೊಂದಕ್ಕೂ ಎರಡು ಮೂರು ವಚನಗಳನ್ನು ಕರ್ತೃ ಮತ್ತು ಅಂಕಿತಸಹಿತ ಕೊಟ್ಟು, ಇಂದಿನ ಬಳಕೆಯಲ್ಲಿ ಅದು ಎಲ್ಲಿ ಜಾರಿದೆಯೆಂದು ತಿಳಿಸುವ ಕೈಪಿಡಿಯೊಂದನ್ನು ಸಿದ್ಧಗೊಳಿಸಬಹುದು. ಬರೆಯುವವರು ವಿಶ್ವವಿದ್ಯಾಲಯದವರಾಗಿರಲಿ, ಅಚ್ಚಿಗೆ ಹೋಗುವ ಮುನ್ನ ಇಬ್ಬರು ಮೂವರು ಪ್ರೌಢಶಾಲೆಯ ಶಿಕ್ಷಕರು ಓದಿ, ತಿಳಿಯದ ಕಡೆ ಗೆರೆ ಎಳೆಯಲಿ. ಭಾವಚಿತ್ರವನ್ನು ಕಳಿಸಿದ ಇಲಾಖೆಯೇ ಇದನ್ನೂ ಅದೇ ಕಚೇರಿಗಳಿಗೆ ಕಳಿಸಬಹುದು. ಅದರ ‘ಕ’ಕಾರದ ಪುಟ ತೆರೆದ ಗುಮಾಸ್ತನಿಗೆ ಮಾರಯ್ಯನ ಹೆಸರೂ, ಅದಕ್ಕೆ ಅಂಟಿಕೊಂಡಂತೆಯೇ ಲಕ್ಕಮ್ಮನ ಹೆಸರೂ ಕಾಣುವಂತಿರಬೇಕು.